ಹಿಂದಿನವರು ಕಂಡುದೇನು? ಪೂರ್ವಾಧ್ಯಯನ ಸಮೀಕ್ಷೆಯನ್ನು ಬರೆಯುವ ಬಗೆ

ನಮ್ಮ ಹಳೆಯ ಕಾವ್ಯಗಳಲ್ಲಿ ಕಥೆ ಮೊದಲಾಗುವುದಕ್ಕೆ ಮುನ್ನ ಪೂರ್ವಕವಿಗಳ ಸ್ಮರಣೆ ಬರುವುದು ವಾಡಿಕೆ. 9ನೆಯ ಶತಮಾನದ ‘ಕವಿರಾಜಮಾರ್ಗ’ದಲ್ಲಿಯೂ ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂಬ ಹಿಂದಿನ ಗದ್ಯಕಾರರ ಹೆಸರುಗಳು ಉಕ್ತವಾಗಿವೆ. ಶಾಸ್ತ್ರಗ್ರಂಥಗಳಲ್ಲಿಯಾದರೋ ಬೇರೊಂದು ಕ್ರಮವುಂಟು. ಅಲ್ಲಿ ಗ್ರಂಥಕಾರನು ಇತರರ ವಾದವನ್ನು ಪೂರ್ವಪಕ್ಷವೆಂದು ಮೊದಲು ಮಂಡಿಸುತ್ತಾನೆ. ಅದರ ಬಲಾಬಲಗಳನ್ನು ಪರೀಕ್ಷಿಸುತ್ತಾನೆ. ಆಮೇಲೆಯೇ ತನ್ನ ಸಿದ್ಧಾಂತವನ್ನು ಹೇಳುತ್ತಾನೆ. ಮೊದಲನೆಯದು ಗೌರವ, ಎರಡನೆಯದು ಪರೀಕ್ಷೆ.

ವಿಜ್ಞಾನದ ಪ್ರಬಂಧಗಳಲ್ಲಿ ಪೂರ್ವಾಧ್ಯಯನ ಸಮೀಕ್ಷೆ ಎಂಬ ಒಂದು ಭಾಗವಿರುತ್ತದೆ. ಎತ್ತಿಕೊಂಡ ವಿಷಯದಲ್ಲಿ ಇದುವರೆಗೆ ನಡೆದಿರುವ ಕೆಲಸವೇನು, ಅದರಲ್ಲಿ ನಂಬತಕ್ಕದ್ದೆಷ್ಟು, ಇನ್ನೂ ತಿಳಿಯಬೇಕಾದುದೇನು ಎಂಬುದನ್ನು ಹೇಳುವ ಭಾಗವದು. ಕಾಲೇಜುಗಳಲ್ಲಿ ಪ್ರಾಜೆಕ್ಟ್ ವರದಿಯನ್ನು ಬರೆಯುವ ಅನೇಕ ವಿದ್ಯಾರ್ಥಿಗಳು ಇದನ್ನು ಪೂರ್ವಕವಿಸ್ಮರಣೆಯೆಂದೇ ಭಾವಿಸುತ್ತಾರೆ. ಹತ್ತು ಲೇಖನಗಳನ್ನು ಹೆಸರಿಸಿ, ಒಂದೊಂದರ ಸಾರಾಂಶವನ್ನೂ ನಾಲ್ಕು ಸಾಲುಗಳಲ್ಲಿ ಬರೆದು, ಕೈಮುಗಿದು ಮುಂದೆ ಸಾಗುತ್ತಾರೆ. ವಾಸ್ತವವಾಗಿ ಈ ಕೆಲಸ ಪೂರ್ವಪಕ್ಷದ ಪರೀಕ್ಷೆಗೆ ಹತ್ತಿರವಾದುದು. ಪರೀಕ್ಷೆಯನ್ನು ಮಾಡದೆ ಬಿಟ್ಟರೆ ಆಗುವ ನಷ್ಟವೆಷ್ಟೆಂಬುದಕ್ಕೆ ಒಂದು ನಿದರ್ಶನವನ್ನು ನೋಡೋಣ.

ಎಳೆಗೂಸನ್ನು ಮಲಗಿಸುವ ಪ್ರಶ್ನೆ

ಆರೋಗ್ಯವಾಗಿದ್ದ ಕೂಸು ಯಾವ ಕಾರಣವೂ ಕಾಣದೆ ನಿದ್ರೆಯಲ್ಲಿಯೇ ತೀರಿಕೊಳ್ಳುವುದುಂಟು. ಇದನ್ನು ಹಠಾತ್ ಶಿಶುಮರಣವೆಂದು ಕರೆಯುತ್ತಾರೆ. 1940ರ ದಶಕದಿಂದ 1988ರವರೆಗೆ ಪಾಶ್ಚಾತ್ಯ ದೇಶಗಳ ಅನೇಕ ಶಿಶುಪಾಲನ ಗ್ರಂಥಗಳು ಕೂಸನ್ನು ಬೋರಲು ಮಲಗಿಸಬೇಕೆಂದು ಹೇಳುತ್ತಿದ್ದುವು. ಅಮೆರಿಕದ ವೈದ್ಯ ಬೆಂಜಮಿನ್ ಸ್ಪಾಕ್ ಅವರ ಲೋಕಪ್ರಸಿದ್ಧ ಗ್ರಂಥವೂ 1950ರ ದಶಕದ ಉತ್ತರಾರ್ಧದಿಂದ ಇದೇ ಸಲಹೆಯನ್ನು ಕೊಟ್ಟಿತು. ಅಂಗಾತ ಮಲಗಿದ ಕೂಸು ವಾಂತಿ ಮಾಡಿಕೊಂಡರೆ ಅದಕ್ಕೆ ಉಸಿರು ಕಟ್ಟೀತೆಂಬುದು ಮುಖ್ಯ ಕಾರಣ. ಕೇಳುವುದಕ್ಕೆ ಯುಕ್ತವಾಗಿಯೇ ತೋರುವ ಮಾತು. ಆದರೆ ಅದು ಪರೀಕ್ಷೆಗೆ ಒಳಪಡದ ಊಹೆಯಾಗಿತ್ತು. ಲಕ್ಷಾಂತರ ತಾಯಂದಿರು ಆ ಊಹೆಯನ್ನು ನಂಬಿ ನಡೆದರು.

1980ರ ದಶಕದ ಕೊನೆಯ ವೇಳೆಗೆ ಬೋರಲು ಮಲಗಿಸುವುದೇ ಅಪಾಯವೆಂಬುದು ಸ್ಪಷ್ಟವಾಗತೊಡಗಿತು. ಬ್ರಿಟನ್ನಿನಲ್ಲಿ 1991ರಲ್ಲಿಯೂ ಅಮೆರಿಕದಲ್ಲಿ 1994ರಲ್ಲಿಯೂ ಕೂಸುಗಳನ್ನು ಅಂಗಾತ ಮಲಗಿಸಿರೆಂದು ದೇಶವ್ಯಾಪಿಯಾಗಿ ಪ್ರಚಾರ ಮಾಡಲಾಯಿತು. ಅದಾದ ಮೇಲೆ ಈ ಬಗೆಯ ಮರಣಗಳು ಬಹುಮಟ್ಟಿಗೆ ಇಳಿದುವು.

ಇಲ್ಲಿಗೆ ಕಥೆ ಮುಗಿಯಲಿಲ್ಲ. ಲಂಡನ್ನಿನ ರೂತ್ ಗಿಲ್ಬರ್ಟ್ ಮತ್ತು ಅವರ ಸಹೋದ್ಯೋಗಿಗಳು ಈ ವಿಷಯದಲ್ಲಿ ಹಿಂದೆ ಪ್ರಕಟವಾಗಿದ್ದ ಅಧ್ಯಯನಗಳನ್ನೆಲ್ಲ ಹುಡುಕಿ, ಕಾಲಾನುಕ್ರಮದಲ್ಲಿ ಜೋಡಿಸಿ, ಅವುಗಳ ಅಂಕಿಗಳನ್ನು ಒಟ್ಟುಗೂಡಿಸಿ 2005ರಲ್ಲಿ ಒಂದು ಸಮೀಕ್ಷೆಯನ್ನು ಪ್ರಕಟಿಸಿದರು. 1970ರ ವೇಳೆಗೆ ಪ್ರಕಟವಾಗಿದ್ದ ಎರಡು ಅಧ್ಯಯನಗಳನ್ನು ಕೂಡಿಸಿ ನೋಡಿದರೇ, ಅಂಗಾತ ಮಲಗಿದ ಕೂಸುಗಳಿಗಿಂತ ಬೋರಲು ಮಲಗಿದ ಕೂಸುಗಳಿಗೆ ಅಪಾಯವು ಸುಮಾರು ಮೂರು ಪಾಲು ಹೆಚ್ಚೆಂಬುದು ಕಾಣುತ್ತಿತ್ತು. ಆಗಲೇ ಯಾರಾದರೂ ಇಂಥ ಸಮೀಕ್ಷೆಯನ್ನು ಮಾಡಿದ್ದರೆ ಬ್ರಿಟನ್ನಿನಲ್ಲಿ 10,000ಕ್ಕೂ ಹೆಚ್ಚು, ಯೂರೋಪ್, ಅಮೆರಿಕ ಮತ್ತು ಆಸ್ಟ್ರೇಲಿಯ ಪ್ರಾಂತಗಳಲ್ಲಿ ಕಡಿಮೆಯೆಂದರೆ 50,000 ಕೂಸುಗಳ ಸಾವನ್ನು ತಪ್ಪಿಸಬಹುದಾಗಿತ್ತೆಂದು ಅವರು ಅಂದಾಜು ಮಾಡಿದರು. ಅದಕ್ಕಾಗಿ ಹೊಸ ಯಂತ್ರವಾಗಲಿ ಹೊಸ ಔಷಧವಾಗಲಿ ಬೇಕಾಗಿರಲಿಲ್ಲ. ಗ್ರಂಥಾಲಯದ ಕಪಾಟುಗಳಲ್ಲಿ ಬೇರೆಬೇರೆಯಾಗಿ ಬಿದ್ದಿದ್ದ ಕಾಗದಗಳನ್ನು ಒಂದೇ ಮೇಜಿನ ಮೇಲೆ ಇಟ್ಟು ಓದಬೇಕಾಗಿತ್ತು.

ಲಿಂಡ್ ತೋರಿಸಿದ ದಾರಿ

ಈ ಪದ್ಧತಿ ಹೊಸದೇನೂ ಅಲ್ಲ. ಬ್ರಿಟಿಷ್ ನೌಕಾವೈದ್ಯ ಜೇಮ್ಸ್ ಲಿಂಡ್ 1747ರಲ್ಲಿ ಸಾಲಿಸ್ಬರಿ ಎಂಬ ಹಡಗಿನಲ್ಲಿ ಸ್ಕರ್ವಿ ರೋಗದಿಂದ ನರಳುತ್ತಿದ್ದ 12 ಮಂದಿ ನಾವಿಕರನ್ನು ಆರು ಜೋಡಿಗಳಾಗಿ ವಿಂಗಡಿಸಿ, ಒಂದೊಂದು ಜೋಡಿಗೆ ಒಂದೊಂದು ಬಗೆಯ ಚಿಕಿತ್ಸೆಯನ್ನು ಕೊಟ್ಟನು. ಕಿತ್ತಳೆ ಮತ್ತು ನಿಂಬೆಯ ಹಣ್ಣುಗಳನ್ನು ತಿಂದ ಜೋಡಿ ಎಲ್ಲರಿಗಿಂತ ಬೇಗ ಚೇತರಿಸಿಕೊಂಡಿತು. ಈ ಪ್ರಯೋಗದ ಕಥೆ ಸರ್ವವಿದಿತ. ಆದರೆ 1753ರಲ್ಲಿ ಅಚ್ಚಾದ ಅವನ ಗ್ರಂಥದಲ್ಲಿ ಈ ಪ್ರಯೋಗಕ್ಕೆ ಮೀಸಲಾದುದು ಕೆಲವೇ ಕಂಡಿಕೆಗಳು. ಸ್ಕರ್ವಿಯನ್ನು ಕುರಿತು ಹಿಂದಿನವರು ಬರೆದುದನ್ನೆಲ್ಲ ಕಾಲಾನುಕ್ರಮವಾಗಿ ಶೋಧಿಸುವುದಕ್ಕೆ ಗ್ರಂಥದ ಒಂದು ಪೂರ್ಣ ಭಾಗವೇ ಮೀಸಲಾಗಿದೆ. ಕಸವನ್ನು ಕೇರಿ ತೆಗೆಯದೆ ಕಾಳು ಕಾಣದೆಂಬುದು ಅವನಿಗೆ ತಿಳಿದಿತ್ತು.

ಹಾಗಾದರೆ ವಿದ್ಯಾರ್ಥಿಯು ಈ ಕೆಲಸವನ್ನು ಹೇಗೆ ಕೈಗೊಳ್ಳಬೇಕು?

ಮೊದಲು ಪ್ರಶ್ನೆ

‘ಶಿಶುಗಳ ನಿದ್ರೆ’ ಎಂಬುದು ವಿಷಯ, ಪ್ರಶ್ನೆಯಲ್ಲ. ಆ ಹೆಸರಿನಲ್ಲಿ ಹುಡುಕಹೊರಟರೆ ಜೀವಮಾನದಲ್ಲಿ ಓದಿ ಮುಗಿಯದಷ್ಟು ಬರಹಗಳು ದೊರೆಯುತ್ತವೆ. ‘ಒಂದು ವರ್ಷದೊಳಗಿನ ಕೂಸುಗಳಲ್ಲಿ ಬೋರಲು ಮಲಗುವುದಕ್ಕೂ ಹಠಾತ್ ಮರಣಕ್ಕೂ ಸಂಬಂಧವಿದೆಯೇ?’ ಎಂಬುದು ಪ್ರಶ್ನೆ. ಇದರಲ್ಲಿ ಯಾರನ್ನು ಕುರಿತು, ಯಾವ ಕಾರಣ, ಯಾವ ಪರಿಣಾಮ, ಯಾವುದರೊಡನೆ ಹೋಲಿಕೆ ಎಂಬ ನಾಲ್ಕು ಅಂಶಗಳಿವೆ. ಈ ನಾಲ್ಕನ್ನೂ ಒಂದೇ ವಾಕ್ಯದಲ್ಲಿ ಬರೆಯಲು ಬರುವವರೆಗೆ ಲೇಖನಗಳನ್ನು ಕಲೆಹಾಕತೊಡಗುವುದು ವ್ಯರ್ಥ. ಯಾವ ಬರಹವನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನೂ ಓದುವುದಕ್ಕೆ ಮುಂಚೆಯೇ ಗೊತ್ತುಮಾಡಿಕೊಳ್ಳಬೇಕು. ಇಲ್ಲವಾದರೆ ನಮಗೆ ಹಿಡಿಸಿದುದನ್ನು ಉಳಿಸಿಕೊಂಡು ಹಿಡಿಸದುದನ್ನು ಕೈಬಿಡುವ ಚಪಲಕ್ಕೆ ಒಳಗಾಗುತ್ತೇವೆ.

ಹುಡುಕುವ ಬಗೆ

ಈಗ ಗಣಕಯಂತ್ರದಲ್ಲಿ ಹುಡುಕುವುದು ಸುಲಭ. ವೈದ್ಯವಿಜ್ಞಾನಕ್ಕೆ ಪಬ್‌ಮೆಡ್, ಎಲ್ಲ ಶಾಸ್ತ್ರಗಳಿಗೂ ಗೂಗಲ್ ಸ್ಕಾಲರ್, ಭಾರತದ ವಿಶ್ವವಿದ್ಯಾನಿಲಯಗಳ ಮಹಾಪ್ರಬಂಧಗಳಿಗೆ ಶೋಧಗಂಗಾ ಇವೆಲ್ಲ ಉಚಿತವಾಗಿ ದೊರೆಯುತ್ತವೆ. ಒಂದೇ ವಸ್ತುವಿಗೆ ಬೇರೆಬೇರೆ ಲೇಖಕರು ಬೇರೆಬೇರೆ ಹೆಸರುಗಳನ್ನು ಬಳಸಿರುವುದರಿಂದ ಪರ್ಯಾಯ ಪದಗಳನ್ನೆಲ್ಲ ಮೊದಲೇ ಪಟ್ಟಿಮಾಡಿಕೊಳ್ಳಬೇಕು. ಹಠಾತ್ ಶಿಶುಮರಣವನ್ನು ಕೆಲವರು ತೊಟ್ಟಿಲ ಸಾವೆಂದೂ ಕರೆದಿದ್ದಾರೆ. ಒಂದು ಒಳ್ಳೆಯ ಲೇಖನ ಸಿಕ್ಕರೆ ಅದರ ಕೊನೆಯ ಗ್ರಂಥಪಟ್ಟಿಯ ಮೂಲಕ ಹಿಂದಕ್ಕೂ, ಅದನ್ನು ಅನಂತರ ಉಲ್ಲೇಖಿಸಿದವರ ಮೂಲಕ ಮುಂದಕ್ಕೂ ನಡೆಯಬೇಕು.

ಯಂತ್ರಕ್ಕೆ ಕಾಣದುದು ಇಲ್ಲವೇ ಇಲ್ಲವೆಂದು ತಿಳಿಯಬಾರದು. 2001ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಆಸ್ತಮಾ ರೋಗದ ಬಗ್ಗೆ ನಡೆದ ಪ್ರಯೋಗವೊಂದರಲ್ಲಿ ಹೆಕ್ಸಾಮಿಥೋನಿಯಮ್ ಎಂಬ ಔಷಧವನ್ನು ಉಸಿರಿನ ಮೂಲಕ ಒಳಗೆ ತೆಗೆದುಕೊಂಡ 24 ವರ್ಷದ ಆರೋಗ್ಯವಂತ ಸ್ವಯಂಸೇವಕಿಯೊಬ್ಬಳು ಶ್ವಾಸಕೋಶಗಳು ಕೆಟ್ಟು ಮೃತಳಾದಳು. ಪ್ರಯೋಗಕ್ಕೆ ಮೊದಲು ಪಬ್‌ಮೆಡ್ಡಿನಲ್ಲಿ ಹುಡುಕಲಾಗಿತ್ತು. ಆದರೆ ಆ ಕೋಶವು ಆಗ 1966ರಿಂದ ಈಚಿನ ಬರಹಗಳನ್ನು ಮಾತ್ರ ಒಳಗೊಂಡಿತ್ತು. ಆ ಔಷಧದಿಂದ ಶ್ವಾಸಕೋಶಕ್ಕೆ ಹಾನಿಯಾದೀತೆಂಬ ಎಚ್ಚರಿಕೆ ಇದ್ದುದು 1950ರ ದಶಕದ ಪತ್ರಿಕೆಗಳಲ್ಲಿ. ಆದುದರಿಂದ ಎಲ್ಲಿ, ಯಾವ ಪದಗಳಿಂದ, ಯಾವ ವರ್ಷದಿಂದ ಯಾವ ವರ್ಷದವರೆಗೆ ಹುಡುಕಿದೆನೆಂಬುದನ್ನು ವಿದ್ಯಾರ್ಥಿಯು ದಿನಾಂಕದೊಡನೆ ಬರೆದಿಡಬೇಕು. ತಾನು ನೋಡದ ಭಾಗ ಯಾವುದೆಂಬುದು ಆಗ ತನಗೂ ಓದುಗನಿಗೂ ತಿಳಿಯುತ್ತದೆ.

ಮೂಲವನ್ನೇ ಓದಬೇಕು

ಸ್ಪಿನಾಚ್ ಸೊಪ್ಪಿನಲ್ಲಿ ಕಬ್ಬಿಣ ಬಹಳವೆಂಬ ನಂಬಿಕೆ ದಶಮಾಂಶ ಬಿಂದುವೊಂದು ಸ್ಥಾನ ತಪ್ಪಿದ್ದರಿಂದ ಹುಟ್ಟಿತೆಂಬ ಕಥೆ 1981ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಪ್ರಕಟವಾಯಿತು. ಅಲ್ಲಿಂದ ಅದು ಲೇಖನದಿಂದ ಲೇಖನಕ್ಕೆ ಹಬ್ಬಿತು. ಅಜಾಗರೂಕತೆಗೆ ಒಳ್ಳೆಯ ಉದಾಹರಣೆಯೆಂದು ಪಾಠಹೇಳುವವರೂ ಅದನ್ನು ಬಳಸಿದರು. ಮುಂದೆ ಕೆಲವರು ಮೂಲವನ್ನು ಹುಡುಕಿ ಹೊರಟಾಗ ಆ ಬಿಂದುವಿನ ತಪ್ಪಿಗೆ ಯಾವ ಆಧಾರವೂ ದೊರೆಯಲಿಲ್ಲ. ಅಜಾಗರೂಕತೆಯನ್ನು ಹಳಿಯುವ ಕಥೆಯೇ ಅಜಾಗರೂಕತೆಯಿಂದ ಬೆಳೆದಿತ್ತು!

ಇನ್ನೊಬ್ಬರು ಹೇಳಿದರೆಂದು ಮತ್ತೊಬ್ಬರು ಬರೆದುದನ್ನು ನೋಡಿ ಮೂಲಲೇಖನವನ್ನು ಉಲ್ಲೇಖಿಸುವುದು ಕಾಣದ ಊರಿನ ವರ್ಣನೆಯಂತೆ. ಕೃತಕ ಬುದ್ಧಿಯ ಯಂತ್ರಗಳು ಬಂದಿರುವ ಈ ಕಾಲದಲ್ಲಿ ಎಚ್ಚರ ಇಮ್ಮಡಿಯಾಗಬೇಕು. ಅವು ಎಂದೂ ಬರೆಯಲ್ಪಡದ ಲೇಖನಗಳನ್ನೂ ಲೇಖಕರ ಹೆಸರು, ವರ್ಷಗಳ ಸಮೇತ ಉಲ್ಲೇಖಿಸುವುದುಂಟು. ಕಣ್ಣಿನಿಂದ ಕಂಡು ಓದಿದುದನ್ನು ಮಾತ್ರ ಪಟ್ಟಿಗೆ ಸೇರಿಸಬೇಕೆಂಬ ನಿಯಮವೊಂದನ್ನು ಪಾಲಿಸಿದರೆ ಈ ಅಪಾಯ ತಪ್ಪುತ್ತದೆ.

ತೂಗಿ ನೋಡುವುದು

ಓದಿದುದನ್ನು ಒಂದು ಕೋಷ್ಟಕದಲ್ಲಿ ಬರೆಯುತ್ತ ಹೋಗಬೇಕು. ಲೇಖಕ ಮತ್ತು ವರ್ಷ, ಕೇಳಿದ ಪ್ರಶ್ನೆ, ಎಷ್ಟು ಮಂದಿಯನ್ನು ಹೇಗೆ ಪರೀಕ್ಷಿಸಿದರೆಂಬುದು, ಕಂಡುಬಂದ ಫಲ, ಕೊರತೆ ಎಂಬ ಐದು ಅಂಕಣಗಳು ಸಾಕು. ಹತ್ತು ಹದಿನೈದು ಲೇಖನಗಳು ತುಂಬುವ ವೇಳೆಗೆ ಅಡ್ಡಸಾಲುಗಳನ್ನು ಬಿಟ್ಟು ಅಂಕಣಗಳನ್ನು ಮೇಲಿನಿಂದ ಕೆಳಕ್ಕೆ ಓದಬೇಕು. ಯಾರು ಯಾರೊಡನೆ ಒಪ್ಪುತ್ತಾರೆ, ಎಲ್ಲಿ ಭಿನ್ನಾಭಿಪ್ರಾಯವಿದೆ, ಭೇದಕ್ಕೆ ವಿಧಾನದ ವ್ಯತ್ಯಾಸವೇ ಕಾರಣವೇ ಎಂಬುದೆಲ್ಲ ಆಗ ತಾನಾಗಿಯೇ ಗೋಚರವಾಗುತ್ತದೆ.

ತೂಗುವಾಗ ಎಲ್ಲ ಬರಹಗಳಿಗೂ ಒಂದೇ ಬೆಲೆ ಕಟ್ಟಲಾಗದು. ಪ್ರಸಿದ್ಧ ಗ್ರಂಥಕಾರನ ಅಭಿಪ್ರಾಯಕ್ಕಿಂತ ಅಪ್ರಸಿದ್ಧನು ಎಚ್ಚರಿಕೆಯಿಂದ ಮಾಡಿದ ಎಣಿಕೆಗೆ ತೂಕ ಹೆಚ್ಚು. ಶಿಶುಗಳ ವಿಷಯದಲ್ಲಿ ಹತ್ತಾರು ಗ್ರಂಥಗಳು ಒಂದು ಕಡೆಗಿದ್ದುವು, ಎರಡೇ ಅಧ್ಯಯನಗಳು ಇನ್ನೊಂದು ಕಡೆಗೆ. ತಲೆಗಳನ್ನು ಎಣಿಸಿದವರಿಗೆ ಸತ್ಯ ಕಾಣಲಿಲ್ಲ. ಏನೂ ಸಂಬಂಧವಿಲ್ಲವೆಂದು ಕಂಡುಕೊಂಡ ಅಧ್ಯಯನಗಳು ಎಷ್ಟೋ ಸಲ ಅಚ್ಚಾಗದೆಯೇ ಉಳಿಯುತ್ತವೆಂಬುದನ್ನೂ ಮನಸ್ಸಿನಲ್ಲಿಟ್ಟಿರಬೇಕು.

ಬರೆಯುವ ಕ್ರಮ

‘ಮೊದಲನೆಯ ಸಂಶೋಧಕರು ಹೀಗೆಂದರು. ಎರಡನೆಯವರು ಹಾಗೆಂದರು. ಮೂರನೆಯವರು ಮತ್ತೊಂದನ್ನು ಹೇಳಿದರು’ ಎಂದು ಬರೆದರೆ ಅದು ಹಾಜರಿ ಪುಸ್ತಕವಾದೀತು. ಕಂಡಿಕೆಗಳನ್ನು ಲೇಖಕರ ಹೆಸರಿನಿಂದ ವಿಂಗಡಿಸದೆ ವಿಚಾರದಿಂದ ವಿಂಗಡಿಸಬೇಕು. ‘ಬೋರಲು ಮಲಗಿಸಬೇಕೆಂಬ ಬರಹಗಳು ವಾಂತಿಯ ಭಯವನ್ನು ಆಧರಿಸಿವೆ; ಅದನ್ನು ಎಣಿಕೆಯಿಂದ ಸಮರ್ಥಿಸಿಲ್ಲ. ಎಣಿಸಿ ನೋಡಿದ ಅಧ್ಯಯನಗಳು ಸಂಖ್ಯೆಯಲ್ಲಿ ಅಲ್ಪವಾದರೂ ವಿರುದ್ಧ ದಿಕ್ಕನ್ನೇ ತೋರಿಸುತ್ತವೆ. ಹೆಚ್ಚು ಕೂಸುಗಳನ್ನೊಳಗೊಂಡ ಅಧ್ಯಯನ ತುರ್ತಾಗಿ ಆಗಬೇಕು’ ಎಂಬ ಕೆಲವು ವಾಕ್ಯಗಳನ್ನು 1970ರಲ್ಲಿ ವಿದ್ಯಾರ್ಥಿಯೊಬ್ಬನು ಬರೆದಿದ್ದರೆ ಅದು ಉತ್ತಮ ಸಮೀಕ್ಷೆಯಾಗುತ್ತಿತ್ತು. ಪಕ್ಷಗಳೇನು, ಆಧಾರವೇನು, ಕೊರತೆಯೇನು, ಮುಂದೇನು ಎಂಬುದೆಲ್ಲ ಅದರಲ್ಲಿದೆ.

ಪ್ರತಿಯೊಂದು ಹೇಳಿಕೆಗೂ ಅದು ಯಾರದೆಂಬ ಗುರುತು ಇರಬೇಕು. ಮಾತು ಮಾತ್ರ ನಮ್ಮದಾಗಿರಬೇಕು. ಪುಸ್ತಕವನ್ನು ಮುಚ್ಚಿಟ್ಟು ನೆನಪಿನಿಂದ ಬರೆದು, ಅನಂತರ ತೆರೆದು ತಾಳೆ ನೋಡುವ ಅಭ್ಯಾಸ ಇದಕ್ಕೆ ಸಹಾಯಕ. ನಮ್ಮ ಅಭಿಪ್ರಾಯಕ್ಕೆ ವಿರುದ್ಧವಾದ ಅಧ್ಯಯನವನ್ನು, ಅದನ್ನು ಬರೆದವರೇ ಓದಿದರೂ ಸರಿಯೆಂದು ಒಪ್ಪುವಂತೆ ನಿರೂಪಿಸಬೇಕು.

ವಿದ್ಯಾರ್ಥಿಗಳಿಗೆ ದೊಡ್ಡ ಪ್ರಯೋಗಶಾಲೆ ಇರಲಾರದು. ಬೆಲೆಬಾಳುವ ಉಪಕರಣಗಳೂ ಇರಲಾರವು. ಆದರೆ ಪೂರ್ವಾಧ್ಯಯನ ಸಮೀಕ್ಷೆಗೆ ಬೇಕಾದುದು ಒಂದು ಸರಿಯಾದ ಪ್ರಶ್ನೆ, ಗ್ರಂಥಾಲಯ ಮತ್ತು ತಾಳ್ಮೆ. ಈ ಮೂರೂ ಇಂದು ಹಳ್ಳಿಯ ಕಾಲೇಜಿಗೂ ನಿಲುಕದ ವಸ್ತುಗಳಲ್ಲ. ಎರಡು ಲೇಖನಗಳನ್ನು ಅಕ್ಕಪಕ್ಕದಲ್ಲಿಟ್ಟು ಓದುವವನಿಲ್ಲದೆ ಕಳೆದ ವರ್ಷಗಳಲ್ಲಿ ಎಷ್ಟು ತೊಟ್ಟಿಲುಗಳು ಬರಿದಾದುವೆಂಬುದನ್ನು ನೆನೆದರೆ, ವರದಿಯ ಈ ಭಾಗವನ್ನು ಕೊನೆಯ ರಾತ್ರಿಗೆ ಉಳಿಸಿಕೊಳ್ಳಲು ಯಾರಿಗೂ ಮನಸ್ಸು ಬಾರದು.