ಆ ಗುಂಡು ಕೆಳಕ್ಕೇ ಯಾಕೆ ಇಳೀತು?

ವೀಕ್ಷಕರೇ, ಉತ್ತರ ಗೊತ್ತಿಲ್ಲದೆ ನಾನು ಬ್ರೇಕ್ ತಗೊಂಡ ಪ್ರಶ್ನೆಯೊಂದಿದೆ. 2016ರ ಫೆಬ್ರವರಿ 11ರಂದು ಅಮೆರಿಕದ ಲೈಗೋ ವಿಜ್ಞಾನಿಗಳು ಗುರುತ್ವದ ಅಲೆ ಸಿಕ್ಕಿದೆ ಅಂತ ಘೋಷಿಸಿದರು. ಮರುದಿನ ನಮ್ಮಲ್ಲಿ ವಿಶೇಷ ಕಾರ್ಯಕ್ರಮ. ಹಿಂದಿನ ಪರದೆಯಲ್ಲಿ ಅದೇ ಹಳೇ ಗ್ರಾಫಿಕ್ಸ್: ಬಿಗಿಯಾಗಿ ಎಳೆದ ಚಾದರ, ನಡುವೆ ಕಬ್ಬಿಣದ ಗುಂಡು, ಸುತ್ತ ಉರುಳೋ ಗೋಲಿ. ಗುಂಡು ಸೂರ್ಯ, ಗೋಲಿ ಭೂಮಿ. ಚಾದರವೇ ದೇಶಕಾಲ, ಅಂದರೆ ಜಾಗ ಮತ್ತು ಸಮಯ ಸೇರಿದ ಹೆಣಿಗೆ. ಸೂರ್ಯ ಹಗ್ಗ ಕಟ್ಟಿ ಎಳೀತಿಲ್ಲ, ದೇಶಕಾಲವೇ ಬಾಗಿದೆ, 1915ರಲ್ಲಿ ಐನ್‌ಸ್ಟೈನ್ ಹೇಳಿದ್ದು ಇದನ್ನೇ ಅಂತ ಜೋರಾಗಿ ಹೇಳಿದೆ.

ಫೋನ್ ಲೈನ್‌ನಲ್ಲಿದ್ದ ಹಿರಿಯರೊಬ್ಬರು ಕೇಳಿದರು: "ಅಲ್ಲ ಸರ್, ಗುಂಡು ಚಾದರವನ್ನ ತಗ್ಗಿಸಿದ್ದು ಹೇಗೆ? ಕೆಳಗಿಂದ ಭೂಮಿ ಅದನ್ನ ಎಳೆದಿದ್ದಕ್ಕೇ ಅಲ್ವಾ?"

ಗುರುತ್ವ ವಿವರಿಸೋಕೆ ಗುರುತ್ವವನ್ನೇ ಸಾಲ ತಂದಿದ್ದೆ! ನಾಲ್ಕು ವರ್ಷದ ಇಂಜಿನಿಯರಿಂಗ್ ಓದು ಆ ಕ್ಷಣ ಕೈಕೊಟ್ಟಿತು.

ಆ ಯಜಮಾನರಿಗೆ ನಾನು ಕೊಡಬೇಕಿದ್ದ ಉತ್ತರ ಇದು. ಚಾದರದ ಚಿತ್ರದಲ್ಲಿ ಜಾಗ ಇದೆ, ಸಮಯವೇ ಇಲ್ಲ. ಆದರೆ ಕೈಜಾರಿದ ಲೋಟ ನೆಲಕ್ಕೆ ಬೀಳೋದರಲ್ಲಿ ದೊಡ್ಡ ಪಾತ್ರ ಸಮಯದ್ದೇ. ಭೂಮಿಗೆ ಹತ್ತಿರವಿರೋ ಗಡಿಯಾರ ನಿಧಾನ, ಎತ್ತರದಲ್ಲಿರೋದು ಬೇಗ. ಎತ್ತಿನ ಗಾಡಿಯ ಒಂದು ಗಾಲಿ ಕೆಸರಿಗಿಳಿದು ನಿಧಾನವಾದರೆ ಗಾಡಿ ಆ ಕಡೆಗೇ ತಿರುಗುತ್ತಲ್ಲ? ಹಾಗೆಯೇ ಸಮಯ ನಿಧಾನವಾಗಿರೋ ಕಡೆಗೆ ಲೋಟದ ದಾರಿ ಬಾಗುತ್ತೆ. (ಇದೂ ಹೋಲಿಕೆಯೇ. ಆದರೆ ಇದಕ್ಕೆ ಕೆಳಗಿಂದ ಎಳೆಯೋರು ಬೇಕಿಲ್ಲ.)

ನಂಬೋದು ಕಷ್ಟ ಅಲ್ವಾ? ಜಿಪಿಎಸ್ ಕಟ್ಟುತ್ತಿದ್ದವರಲ್ಲೂ ಕೆಲವರಿಗೆ ಅನುಮಾನವಿತ್ತು. 1977ರಲ್ಲಿ ಪರಮಾಣು ಗಡಿಯಾರ ಹೊತ್ತ ಪ್ರಯೋಗದ ಉಪಗ್ರಹ ಹಾರಿಸಿದಾಗ ಸಮಯ ತಿದ್ದೋ ಸರ್ಕ್ಯೂಟ್ ಇಟ್ಟರು, ಆದರೆ ಆನ್ ಮಾಡಲಿಲ್ಲ. ಬೇಕಾದರೆ ನೋಡೋಣ ಅಂತ! ಸುಮಾರು 20 ದಿನ ಕಾದರು. ಗಡಿಯಾರ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡ್ತಿತ್ತು. ಐನ್‌ಸ್ಟೈನ್ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ: ಎತ್ತರದಿಂದ 45 ಗಳಿಕೆ, ವೇಗದಿಂದ 7 ನಷ್ಟ. ಮೈಕ್ರೋಸೆಕೆಂಡ್ ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು; ಅಷ್ಟರಲ್ಲೇ ಬೆಳಕು 300 ಮೀಟರ್ ಹೋಗಿರುತ್ತೆ. ತಿದ್ದದೇ ಬಿಟ್ಟರೆ ಒಂದೇ ದಿನಕ್ಕೆ ದೂರದ ಲೆಕ್ಕದಲ್ಲಿ 11 ಕಿಲೋಮೀಟರ್ ಎಡವಟ್ಟು.

ಆಮೇಲೆ ಸರ್ಕ್ಯೂಟ್ ಆನ್ ಮಾಡಿದರು.

ನಮ್ಮ ಗ್ರಾಫಿಕ್ಸ್ ಮಾತ್ರ ಇನ್ನೂ ಬದಲಾಗಿಲ್ಲ. ಮೊನ್ನೆ ಇನ್ನೊಂದು ಬುಲೆಟಿನ್‌ನಲ್ಲಿ ಅದೇ ಚಾದರ ಹಾಸಿದ್ದರು.