ಉಕ್ಕಿನ ಬರದಲ್ಲಿ ಹುಟ್ಟಿದ ಲ್ಯಾಂಡ್ ರೋವರ್

ಲ್ಯಾಂಡ್ ರೋವರ್ ಇಂಗ್ಲೆಂಡಿನಲ್ಲಿ ಹುಟ್ಟಿ ಈಗ ಭಾರತದ ಟಾಟಾ ಸಮೂಹದ ಒಡೆತನದಲ್ಲಿರುವ ವಾಹನ ಬ್ರ್ಯಾಂಡ್. ಅದರ ರೇಂಜ್ ರೋವರ್ ಕೊಳ್ಳಲು ಇವತ್ತು ಕೋಟಿಗಳ ಲೆಕ್ಕ ಹಾಕಬೇಕು. 1948ರಲ್ಲಿ ಮೊದಲ ಲ್ಯಾಂಡ್ ರೋವರ್ ಮಾರುಕಟ್ಟೆಗೆ ಬಂದಾಗ ಅದರ ಬೆಲೆ 450 ಪೌಂಡ್. ಆ ಹಣಕ್ಕೆ ಬಾಗಿಲು ಕೂಡ ಸೇರಿರಲಿಲ್ಲ, ಬೇಕಿದ್ದವರು ಬೇರೆ ದುಡ್ಡು ಕೊಡಬೇಕಿತ್ತು. ಹೊಲಗೆಲಸದ ಗಾಡಿಯೊಂದು ಸಿರಿವಂತರ ಕಾರಾಗಿ ಬೆಳೆದದ್ದು ಹೇಗೆ ಎಂಬುದರಷ್ಟೇ, ಆ ಬೆಳವಣಿಗೆಯಲ್ಲಿ ಅದನ್ನು ಇಟ್ಟುಕೊಳ್ಳುವವರ ಪಾಡು ಹೇಗೆ ಬದಲಾಯಿತು ಎಂಬುದೂ ತಿಳಿಯಬೇಕಾದ ವಿಷಯ.

ಎರಡನೆಯ ಮಹಾಯುದ್ಧ ಮುಗಿದಾಗ ಬ್ರಿಟನ್ ಸಾಲದಲ್ಲಿ ಮುಳುಗಿತ್ತು. ಉಕ್ಕಿಗೆ ರೇಷನ್ ಇತ್ತು. ರಫ್ತು ಮಾಡಿ ವಿದೇಶಿ ಹಣ ತರುವ ಕಾರ್ಖಾನೆಗಳಿಗೆ ಸರ್ಕಾರ ಉಕ್ಕು ಕೊಡುತ್ತಿತ್ತು, ಉಳಿದವು ಕಾಯಬೇಕಿತ್ತು. ಇಂಗ್ಲೆಂಡಿನ ಸೊಲಿಹಲ್‌ನ ರೋವರ್ ಕಂಪನಿ ತಯಾರಿಸುತ್ತಿದ್ದುದು ಅನುಕೂಲಸ್ಥರ ಕಾರುಗಳನ್ನು. ಅವಕ್ಕೆ ಹೊರದೇಶಗಳಲ್ಲಿ ದೊಡ್ಡ ಬೇಡಿಕೆಯಿರಲಿಲ್ಲ. ಕಂಪನಿಯ ಎಂಜಿನಿಯರಿಂಗ್ ಮುಖ್ಯಸ್ಥ ಮಾರಿಸ್ ವಿಲ್ಕ್ಸ್‌ಗೆ ವೇಲ್ಸ್‌ನ ಆಂಗಲ್ಸಿ ದ್ವೀಪದಲ್ಲಿ ಜಮೀನಿತ್ತು. ಅಲ್ಲಿನ ಕೆಲಸಕ್ಕೆ ಅವರು ಬಳಸುತ್ತಿದ್ದುದು ಯುದ್ಧದಲ್ಲಿ ಉಳಿದ ಅಮೆರಿಕದ ವಿಲ್ಲಿಸ್ ಜೀಪು. ಅದು ಸವೆಯುತ್ತ ಬಂದಿತ್ತು, ಬಿಡಿಭಾಗ ಸಿಗುವುದು ಕಷ್ಟವಾಗಿತ್ತು, ಅದರ ಜಾಗಕ್ಕೆ ಕೊಳ್ಳಬಹುದಾದ ಬ್ರಿಟಿಷ್ ಗಾಡಿ ಒಂದೂ ಇರಲಿಲ್ಲ. ಹಾಗಿದ್ದರೆ ತಾವೇ ಮಾಡಬಾರದೇಕೆ ಎಂದು ಮಾರಿಸ್ ಮತ್ತು ಕಂಪನಿಯ ಆಡಳಿತ ನೋಡಿಕೊಳ್ಳುತ್ತಿದ್ದ ಅವರ ಅಣ್ಣ ಸ್ಪೆನ್ಸರ್ ವಿಲ್ಕ್ಸ್ ನಿರ್ಧರಿಸಿದರು. 1947ರಲ್ಲಿ ಆಂಗಲ್ಸಿಯ ಕಡಲತೀರದ ಮರಳಿನ ಮೇಲೆ ಮೊದಲ ನಕ್ಷೆ ಬಿದ್ದಿತೆಂದು ಕಂಪನಿ ಹೇಳಿಕೊಳ್ಳುತ್ತದೆ. ಮೊದಲ ಮಾದರಿ ನಿಂತದ್ದು ಜೀಪಿನ ಚಾಸಿಸ್ ಮೇಲೆಯೇ. 1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡ್ಯಾಮ್ ವಾಹನ ಪ್ರದರ್ಶನದಲ್ಲಿ ಲ್ಯಾಂಡ್ ರೋವರ್ ಬಿಡುಗಡೆಯಾಯಿತು.

ಆ ಗಾಡಿಯ ಸ್ವರೂಪವನ್ನು ಕೊರತೆಯೇ ತೀರ್ಮಾನಿಸಿತು. ಉಕ್ಕಿಗೆ ಬರ, ಆದರೆ ವಿಮಾನ ಕಾರ್ಖಾನೆಗಳಿಗೆಂದು ತಯಾರಾದ ಅಲ್ಯುಮಿನಿಯಂ ಬೇಕಾದಷ್ಟಿತ್ತು. ಹೀಗಾಗಿ ಮೈಯನ್ನು ಬರ್ಮಾಬ್ರೈಟ್ ಎಂಬ ಅಲ್ಯುಮಿನಿಯಂ-ಮೆಗ್ನೀಸಿಯಂ ಮಿಶ್ರಲೋಹದಿಂದ ಮಾಡಿದರು. ದುಬಾರಿ ಅಚ್ಚುಯಂತ್ರಗಳಿಗೆ ಹಣವಿರಲಿಲ್ಲ. ಕೈಯಲ್ಲೇ ಬಗ್ಗಿಸಬಹುದಾದ ಚಪ್ಪಟೆ ತಗಡುಗಳೇ ಸಾಕೆಂದುಕೊಂಡರು. ಉಕ್ಕಿನ ಪಟ್ಟಿಗಳನ್ನು ಪೆಟ್ಟಿಗೆಯಾಕಾರಕ್ಕೆ ಬೆಸೆದು ಚಾಸಿಸ್ ಕಟ್ಟಿದರು. ಬಣ್ಣವೂ ಅಷ್ಟೇ: ವಿಮಾನಗಳಿಗೆಂದು ತಂದು ಮಿಕ್ಕಿದ್ದ ತಿಳಿಹಸಿರು. ತಾತ್ಕಾಲಿಕವೆಂದುಕೊಂಡ ಈ ಏರ್ಪಾಡುಗಳೇ ಮುಂದೆ ಲ್ಯಾಂಡ್ ರೋವರ್‌ನ ಗುರುತುಗಳಾದವು. ಎಂಜಿನ್ 1.6 ಲೀಟರಿನ ಪೆಟ್ರೋಲ್ ಎಂಜಿನ್, ಶಕ್ತಿ ಸುಮಾರು 50 ಅಶ್ವಶಕ್ತಿ. ಎಂಜಿನ್ನಿನ ಶಕ್ತಿಯನ್ನು ಹೊರಗೆಳೆದು ಗರಗಸ, ನೀರೆತ್ತುವ ಪಂಪು, ಒಕ್ಕಣೆ ಯಂತ್ರಗಳನ್ನು ನಡೆಸುವ ಜೋಡಣೆಯೂ ಇತ್ತು. ರೈತನಿಗೆ ಅದು ಅರ್ಧ ಟ್ರ್ಯಾಕ್ಟರ್, ಅರ್ಧ ಪಿಕಪ್.

1958ರವರೆಗೆ ಬಂದದ್ದು ಸೀರೀಸ್ ಒಂದು. ಆಮೇಲೆ ಸೀರೀಸ್ ಎರಡು, 1971ರಿಂದ 1985ರವರೆಗೆ ಸೀರೀಸ್ ಮೂರು. ಇವುಗಳ ಚಾಲಕನ ಪಕ್ಕ ನೆಲದಿಂದ ಎದ್ದಿರುವ ಲಿವರುಗಳನ್ನು ನೋಡಿದರೆ ಗಾಡಿಯ ಮರ್ಮ ತಿಳಿಯುತ್ತದೆ. ದೊಡ್ಡದು ಮಾಮೂಲು ಗಿಯರ್. ಹಳದಿ ಗುಂಡಿನ ಚಿಕ್ಕ ಲಿವರನ್ನು ಕೆಳಕ್ಕೊತ್ತಿದರೆ ಮುಂದಿನ ಚಕ್ರಗಳಿಗೂ ಶಕ್ತಿ ಹರಿಯುತ್ತದೆ. ಕೆಂಪು ಗುಂಡಿನದನ್ನು ಹಿಂದಕ್ಕೆಳೆದರೆ ಗಾಡಿ ಲೋ ರೇಂಜಿಗೆ ಬೀಳುತ್ತದೆ: ವೇಗ ಸತ್ತು, ಎಳೆಯುವ ಬಲ ಹೆಚ್ಚುತ್ತದೆ. ಕಡಿದಾದ ಇಳಿಜಾರಿನಲ್ಲಿ ಲೋ ರೇಂಜಿನ ಮೊದಲ ಗಿಯರ್ ಹಾಕಿ ಬ್ರೇಕಿನಿಂದ ಕಾಲು ತೆಗೆದರೆ ಎಂಜಿನ್ನೇ ಗಾಡಿಯನ್ನು ಹಿಡಿದು ನಿಧಾನವಾಗಿ ಇಳಿಸುತ್ತದೆ. ಇಂದಿನ ಕಾರುಗಳಲ್ಲಿ ಕಂಪ್ಯೂಟರ್ ಮಾಡುವ ಈ ಕೆಲಸವನ್ನು ಆಗ ಚಾಲಕ ಕೈಕಾಲಿನಿಂದ ಕಲಿಯಬೇಕಿತ್ತು.

ಆ ಕಾಲದ ಮಾಲೀಕನಿಗೆ ಸುಖವೇನೂ ಸಿಗುತ್ತಿರಲಿಲ್ಲ. ಗ್ಯಾರೇಜಿನವರು ಪಾಟಾ ಎನ್ನುವ ಲೀಫ್ ಸ್ಪ್ರಿಂಗುಗಳು ಬೆನ್ನು ನೋಯಿಸುತ್ತಿದ್ದವು, ಬಾಗಿಲ ಸಂದಿನಿಂದ ಗಾಳಿ ಮಳೆ ಎರಡೂ ಒಳಬರುತ್ತಿದ್ದವು, ಸೀರೀಸ್ ಒಂದರಲ್ಲಿ ಪೆಟ್ರೋಲ್ ತುಂಬಲು ಸೀಟಿನ ಮೆತ್ತೆ ಎತ್ತಬೇಕಿತ್ತು. ಗಿಯರ್ ಪೆಟ್ಟಿಗೆ, ಆಕ್ಸಲ್‌ಗಳಿಂದ ಎಣ್ಣೆ ಜಿನುಗುವುದು ಸಾಮಾನ್ಯ. ಮೈ ಅಲ್ಯುಮಿನಿಯಂ ಆದ್ದರಿಂದ ತುಕ್ಕಿಲ್ಲ ಎಂದುಕೊಂಡವರು ಮೋಸಹೋದದ್ದುಂಟು. ಒಳಗಿನ ಚೌಕಟ್ಟು, ಎಂಜಿನ್ ಹಿಂದಿನ ಅಡ್ಡಗೋಡೆ, ಚಾಸಿಸ್ಸಿನ ಹಿಂದಿನ ಅಡ್ಡಪಟ್ಟಿ ಎಲ್ಲವೂ ಉಕ್ಕು. ಉಕ್ಕು ಅಲ್ಯುಮಿನಿಯಂ ತಾಗಿದ ಕಡೆ ತೇವ ಸೇರಿದರೆ ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಹೀಗಿದ್ದರೂ ಜನ ಆ ಗಾಡಿಯನ್ನು ಬಿಡಲಿಲ್ಲ. ಅದನ್ನು ಪೂರ್ತಿ ಬಿಚ್ಚಿ ಜೋಡಿಸಲು ಸಾಧಾರಣ ಪಾನಾಗಳು ಸಾಕು. ಜಜ್ಜಿದ ಮಡ್‌ಗಾರ್ಡಿನ ಬೋಲ್ಟು ಬಿಚ್ಚಿ ಹೊಸದನ್ನು ಹಾಕಬಹುದು, ಚಾಸಿಸ್ಸನ್ನೇ ಬದಲಿಸಬಹುದು. ಮಾಲೀಕನ ತಿಳಿವಳಿಕೆಗೆ ಎಟುಕದ ಭಾಗ ಅದರಲ್ಲಿ ಒಂದೂ ಇರಲಿಲ್ಲ.

ಸೈನ್ಯಗಳು, ಆಸ್ಪತ್ರೆಗಳು, ಅರಣ್ಯ ಇಲಾಖೆಗಳು ಅದನ್ನು ಕೊಂಡವು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ನ ಆರು ಯುವಕರು 1955ರಲ್ಲಿ ಎರಡು ಲ್ಯಾಂಡ್ ರೋವರ್‌ಗಳಲ್ಲಿ ಲಂಡನ್ ಬಿಟ್ಟು, ಭಾರತವನ್ನು ದಾಟಿ, ಬರ್ಮಾದ ಕಾಡುಹಾದಿ ಹಿಡಿದು, 1956ರ ಮಾರ್ಚ್‌ನಲ್ಲಿ ಸಿಂಗಪುರ ತಲುಪಿದರು. 1976ರ ಹೊತ್ತಿಗೆ ಹತ್ತು ಲಕ್ಷನೆಯ ಲ್ಯಾಂಡ್ ರೋವರ್ ಹೊರಬಂತು. ಆದರೆ ಅದೇ ಕಾಲದಲ್ಲಿ ಆಸ್ಟ್ರೇಲಿಯಾ, ಆಫ್ರಿಕಾದ ಗಿರಾಕಿಗಳು ಟೊಯೊಟ ಲ್ಯಾಂಡ್ ಕ್ರೂಸರ್ ಕಡೆಗೆ ಹೊರಳತೊಡಗಿದ್ದರು. ಎಂಜಿನ್ನಿನ ಶಕ್ತಿ ಸಾಲದು, ಆಕ್ಸಲ್ ಮುರಿಯುತ್ತದೆ ಎಂಬ ದೂರುಗಳಿಗೆ ಕಂಪನಿ ವರ್ಷಗಟ್ಟಲೆ ಕಿವಿಗೊಡಲಿಲ್ಲ. ಕೈಲಿದ್ದ ಮಾರುಕಟ್ಟೆಯನ್ನು ಹೀಗೆ ಬಿಟ್ಟುಕೊಟ್ಟದ್ದು ಈ ಚರಿತ್ರೆಯ ದೊಡ್ಡ ಎಡವಟ್ಟು.

ಹಳೆಯ ಸೀರೀಸ್ ಗಾಡಿಗಳು ಇನ್ನೂ ದುಡಿಯುತ್ತಿರುವ ತಾಣವೊಂದು ಭಾರತದಲ್ಲೇ ಇದೆ. ಡಾರ್ಜಿಲಿಂಗ್ ಜಿಲ್ಲೆಯ ಮಾನೇಭಂಜಾಂಗ್‌ನಿಂದ 3,636 ಮೀಟರ್ ಎತ್ತರದ ಸಂದಕ್‌ಫುಗೆ ಸುಮಾರು 31 ಕಿ.ಮೀ. ಏರುದಾರಿ. ಬಹುಕಾಲ ಅದು ಬರೀ ಬಂಡೆಗಲ್ಲು ಹಾಸಿದ ರಸ್ತೆಯಾಗಿತ್ತು. ಬ್ರಿಟಿಷ್ ಚಹಾ ತೋಟಗಾರರು ಬಿಟ್ಟುಹೋದ 1950ರ ದಶಕದ ಲ್ಯಾಂಡ್ ರೋವರ್‌ಗಳು ಅಲ್ಲಿ ಟ್ಯಾಕ್ಸಿಗಳಾದವು. ಪ್ರವಾಸಿಗರನ್ನೂ ಹಳ್ಳಿಗಳಿಗೆ ಸಾಮಾನನ್ನೂ ಹೊತ್ತವು. ಮೂಲ ಎಂಜಿನ್ ಸೋತಾಗ ಮಾಲೀಕರು ಹಲವು ಗಾಡಿಗಳಿಗೆ ಭಾರತೀಯ ಡೀಸೆಲ್ ಎಂಜಿನ್ ಕೂರಿಸಿದರು, ಸಿಗದ ಭಾಗಗಳನ್ನು ತಾವೇ ಮಾಡಿಸಿದರು. ಮೂಲ ರೂಪದ ಶುದ್ಧಿಗೆ ಬೆಲೆ ಕಟ್ಟುವ ಸಂಗ್ರಾಹಕರಿಗೆ ಇದು ಹಿಡಿಸದಿರಬಹುದು. ವಿಲ್ಕ್ಸ್ ಸೋದರರು ಉದ್ದೇಶಿಸಿದ ಬಳಕೆಗೆ ಮಾತ್ರ ಇದಕ್ಕಿಂತ ಹತ್ತಿರವಾದದ್ದು ಇನ್ನೊಂದಿಲ್ಲ.

ರೇಂಜ್ ರೋವರ್ ಬಂದದ್ದು 1970ರ ಜೂನ್ 17ರಂದು. ಇದರ ಹಿಂದಿದ್ದವರು ವಿಲ್ಕ್ಸ್ ಸೋದರರ ಸೋದರಳಿಯ ಚಾರ್ಲ್ಸ್ ಸ್ಪೆನ್ಸರ್ ಕಿಂಗ್ ಮತ್ತು ಗಾರ್ಡನ್ ಬ್ಯಾಷ್‌ಫರ್ಡ್. ರೂಪವನ್ನು ತಿದ್ದಿ ಚೊಕ್ಕಗೊಳಿಸಿದ್ದು ಡೇವಿಡ್ ಬೇಷ್. ಕಿಂಗ್ ಮೊದಲು ಕೈಬಿಟ್ಟದ್ದು ಪಾಟಾಗಳನ್ನು. ಅವುಗಳ ಜಾಗದಲ್ಲಿ ಉದ್ದಕ್ಕೆ ಹಿಗ್ಗಿ ಕುಗ್ಗುವ ಕಾಯಿಲ್ ಸ್ಪ್ರಿಂಗ್ ಹಾಕಿದರು. ಒಂದು ಚಕ್ರ ಗುಂಡಿಗಿಳಿದು ಇನ್ನೊಂದು ಕಲ್ಲೇರಿದರೂ ನಾಲ್ಕೂ ನೆಲ ಬಿಡುತ್ತಿರಲಿಲ್ಲ; ಅದೇ ಸ್ಪ್ರಿಂಗು ಟಾರು ರಸ್ತೆಯಲ್ಲಿ ಪ್ರಯಾಣವನ್ನು ಹಿತವಾಗಿಸಿತು. ಎಂಜಿನ್, ಅಮೆರಿಕದ ಬ್ಯೂಕ್ ಕೈಬಿಟ್ಟಿದ್ದ ಹಗುರ ಅಲ್ಯುಮಿನಿಯಂ ವಿ8. ಅದರ 3.5 ಲೀಟರಿನ ಬಲವನ್ನು ಹಿಂದಿನ ಆಕ್ಸಲ್ ಒಂದೇ ತಡೆದುಕೊಳ್ಳಬೇಕಾದರೆ ಆಕ್ಸಲ್ ತೀರ ಭಾರವಾಗಬೇಕಿತ್ತು. ಆದ್ದರಿಂದ ಶಕ್ತಿಯನ್ನು ಎರಡೂ ಆಕ್ಸಲ್‌ಗೆ ಹಂಚಿ, ನಾಲ್ಕು ಚಕ್ರದ ಚಾಲನೆಯನ್ನು ಕಾಯಂ ಮಾಡಿದರು. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಬೆಲೆ 1,998 ಪೌಂಡ್.

ಆ ಮೊದಲ ರೇಂಜ್ ರೋವರ್ ಐಷಾರಾಮಿ ಕಾರಾಗಿರಲಿಲ್ಲ. ಎರಡೇ ಬಾಗಿಲು, ವಿನೈಲ್ ಸೀಟು, ನೀರು ಹೊಯ್ದು ತೊಳೆಯಬಹುದಾದ ನೆಲ. ಆದರೂ ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಅದನ್ನು ಕೈಗಾರಿಕಾ ವಿನ್ಯಾಸದ ಮಾದರಿಯೆಂದು ಪ್ರದರ್ಶಿಸಲಾಯಿತು. ಬಳುಕಿಲ್ಲದ ನೇರ ಗೆರೆಗಳು, ಮೂಲೆಗಳಲ್ಲಿ ಎದ್ದ ಬಾನೆಟ್, ಎತ್ತರದ ಸೀಟು, ಮೇಲೊಂದು ಕೆಳಗೊಂದಾಗಿ ತೆರೆಯುವ ಹಿಂಬಾಗಿಲು: ಐವತ್ತು ವರ್ಷದ ಮೇಲೂ ಇವು ಮುಂದುವರಿದಿವೆ. 1971-72ರಲ್ಲಿ ಜಾನ್ ಬ್ಲ್ಯಾಷ್‌ಫರ್ಡ್-ಸ್ನೆಲ್ ನೇತೃತ್ವದ ತಂಡ ಎರಡು ರೇಂಜ್ ರೋವರ್‌ಗಳನ್ನು ಅಲಾಸ್ಕದಿಂದ ದಕ್ಷಿಣ ಅಮೆರಿಕದ ತುದಿಯವರೆಗೆ ಒಯ್ದಿತು. ನಡುವೆ ಪನಾಮ-ಕೊಲಂಬಿಯಾ ಗಡಿಯ ಡೇರಿಯನ್ ಕಾಡು, ರಸ್ತೆಯೇ ಇಲ್ಲದ ಜೌಗು. ಕೆಸರಿಗೆಂದು ಹಾಕಿದ ಭಾರಿ ಟೈರುಗಳ ಒತ್ತಡಕ್ಕೆ ಚಕ್ರಗಳಿಗೆ ಶಕ್ತಿ ಹಂಚುವ ಹಿಂದಿನ ಡಿಫರೆನ್ಷಿಯಲ್‌ಗಳು ಒಡೆದವು. ತಂಡ ಕಾಡಿನಲ್ಲೇ ರಿಪೇರಿ ಮಾಡಿಕೊಂಡು ಮುಂದೆ ಸಾಗಿತು. 1979ರ ಮೊದಲ ಪ್ಯಾರಿಸ್-ಡಕಾರ್ ರ‍್ಯಾಲಿಯಲ್ಲಿ ಕಾರುಗಳ ಪೈಕಿ ಮುಂದಿದ್ದುದು ರೇಂಜ್ ರೋವರ್, 1981ರಲ್ಲೂ ಅದೇ.

ಐಷಾರಾಮವನ್ನು ಬೇಡಿದವರು ಕೊಳ್ಳುವವರು. ಕಂಪನಿ ತಡಮಾಡಿದ್ದರಿಂದ ನಾಲ್ಕು ಬಾಗಿಲಿನ ಮಾದರಿಯನ್ನು 1980ರಲ್ಲಿ ಸ್ವಿಟ್ಜರ್ಲೆಂಡಿನ ಮಾಂಟೆವೆರ್ಡಿ ಮೊದಲು ಮಾಡಿತು. 1981ರಲ್ಲಿ ಕಂಪನಿಯೇ ತಯಾರಿಸಿತು. ಆಮೇಲೆ ಆಟೊಮ್ಯಾಟಿಕ್ ಗಿಯರ್, ಚರ್ಮದ ಸೀಟು, 1989ರಲ್ಲಿ ಎಬಿಎಸ್ ಬ್ರೇಕ್, 1992ರಲ್ಲಿ ಏರ್ ಸಸ್ಪೆನ್ಷನ್ ಸೇರಿದವು. ಇಂಥ ಗಾಡಿಗಳಲ್ಲಿ ಮಕ್ಕಳನ್ನು ಶಾಲೆಗೆ ಬಿಡಲು ಹೋಗುವ ನಗರವಾಸಿಗಳ ಬಗ್ಗೆ ಕಿಂಗ್ ವಯಸ್ಸಾದ ಮೇಲೆ ಬಹಿರಂಗವಾಗಿಯೇ ಬೇಸರಪಟ್ಟರು. ಅವರ ಬೇಸರದಲ್ಲಿ ನ್ಯಾಯವಿದೆ. ಆದರೆ ಕಂಪನಿಯನ್ನು ಉಳಿಸಿದ್ದು ಆ ಗಿರಾಕಿಗಳೇ.

ಒಡೆತನ ಮಾತ್ರ ಕೈಯಿಂದ ಕೈಗೆ ಹೋಗುತ್ತಲೇ ಇತ್ತು. 1967ರಲ್ಲಿ ಲೇಲ್ಯಾಂಡ್, 1968ರಲ್ಲಿ ಬ್ರಿಟಿಷ್ ಲೇಲ್ಯಾಂಡ್, 1975ರಲ್ಲಿ ರಾಷ್ಟ್ರೀಕರಣ, 1988ರಲ್ಲಿ ಬ್ರಿಟಿಷ್ ಏರೋಸ್ಪೇಸ್, 1994ರಲ್ಲಿ ಬಿಎಂಡಬ್ಲ್ಯು, 2000ದಲ್ಲಿ ಫೋರ್ಡ್. 2008ರ ಜೂನ್‌ನಲ್ಲಿ ಟಾಟಾ ಮೋಟಾರ್ಸ್ 230 ಕೋಟಿ ಡಾಲರಿಗೆ ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ ಎರಡನ್ನೂ ಕೊಂಡಿತು. ತಿಂಗಳುಗಳಲ್ಲೇ ಜಗತ್ತಿನ ಆರ್ಥಿಕತೆ ಕುಸಿಯಿತು, ರತನ್ ಟಾಟಾ ಅವರ ತೀರ್ಮಾನವನ್ನು ಹಲವರು ಟೀಕಿಸಿದರು. ಟಾಟಾ ಹೊಸ ಮಾದರಿಗಳಿಗೆ ಹಣ ಹಾಕುವುದನ್ನು ನಿಲ್ಲಿಸಲಿಲ್ಲ. 2011ರ ಇವೋಕ್, 2012ರ ಪೂರ್ತಿ ಅಲ್ಯುಮಿನಿಯಂ ಮೈಯ ರೇಂಜ್ ರೋವರ್ ಆ ಧೈರ್ಯದ ಫಲ. ಎರಡನೆಯದು ಹಿಂದಿನ ಮಾದರಿಗಿಂತ 420 ಕಿಲೊವರೆಗೆ ಹಗುರವಾಗಿತ್ತು.

ಎಲೆಕ್ಟ್ರಾನಿಕ್ಸ್ ಬಂದಂತೆ ಮಾಲೀಕನ ಪಾತ್ರ ಬದಲಾಯಿತು. 1994ರ ಎರಡನೆಯ ರೇಂಜ್ ರೋವರ್‌ನಲ್ಲಿ ದೀಪ, ಬೀಗ, ಕಿಟಕಿ ಎಲ್ಲವನ್ನೂ ಒಂದೇ ಕಂಪ್ಯೂಟರ್ ನಡೆಸುತ್ತಿತ್ತು. ರಿಮೋಟ್ ಕೀಲಿಯ ಸಂಕೇತಕ್ಕೆ ಕಾಯುವ ಅದು ಸುತ್ತಲಿನ ಬೇರೆ ರೇಡಿಯೊ ಸಂಕೇತಗಳಿಗೂ ಎಚ್ಚರಗೊಂಡು, ನಿಂತಲ್ಲೇ ಬ್ಯಾಟರಿ ಬರಿದು ಮಾಡುತ್ತಿತ್ತು. ಪಾನಾ ಹಿಡಿದು ಇದಕ್ಕೆ ಪರಿಹಾರ ಹುಡುಕುವಂತಿಲ್ಲ. ಏರ್ ಸಸ್ಪೆನ್ಷನ್ನಿನ ಕತೆಯೂ ಇಂಥದ್ದೇ. ಸ್ಪ್ರಿಂಗಿನ ಬದಲು ಪ್ರತಿ ಚಕ್ರದ ಮೇಲೊಂದು ರಬ್ಬರ್ ಗಾಳಿಚೀಲ, ಗಾಳಿ ತುಂಬಲು ಕಂಪ್ರೆಸರ್, ಹಂಚಲು ವಾಲ್ವ್‌ಗಳು, ಎತ್ತರ ಅಳೆಯಲು ಸೆನ್ಸರ್‌ಗಳು. ಜನ ಇಳಿಯುವಾಗ ಹತ್ತುವಾಗ ಕಾರು ತಾನಾಗಿ ತಗ್ಗುತ್ತದೆ. ಇತ್ತೀಚಿನ ರೇಂಜ್ ರೋವರ್ ಕಲ್ಲುದಾರಿಯಲ್ಲಿ 75 ಮಿ.ಮೀ.ವರೆಗೆ ಮೇಲೇಳುತ್ತದೆ, 900 ಮಿ.ಮೀ. ಆಳದ ನೀರನ್ನು ದಾಟಬಲ್ಲದು. ಆದರೆ ರಬ್ಬರ್ ವರ್ಷಗಳು ಕಳೆದಂತೆ ಬಿರುಕು ಬಿಡುತ್ತದೆ. ಸಣ್ಣ ಸೋರಿಕೆಯನ್ನು ತುಂಬಿಕೊಡಲು ಕಂಪ್ರೆಸರ್ ಬಿಡುವಿಲ್ಲದೆ ಓಡಿ ಕೊನೆಗೆ ಸುಟ್ಟುಹೋಗುತ್ತದೆ. ಚೀಲವನ್ನು ಸಕಾಲದಲ್ಲಿ ಬದಲಿಸಿದವರಿಗೆ ಖರ್ಚು ಕಡಿಮೆ, ಮುಂದೂಡಿದವರಿಗೆ ದುಪ್ಪಟ್ಟು. ಅಮೆರಿಕದ ಜೆ.ಡಿ. ಪವರ್ ಸಂಸ್ಥೆಯ ವಾಹನ ಗುಣಮಟ್ಟ ಸಮೀಕ್ಷೆಗಳಲ್ಲಿ ಲ್ಯಾಂಡ್ ರೋವರ್ ಹಲವು ವರ್ಷ ಕೊನೆಯ ಸಾಲುಗಳಲ್ಲಿ ಉಳಿದದ್ದಕ್ಕೆ ಇಂಥ ಜಟಿಲ ವ್ಯವಸ್ಥೆಗಳೂ ಕಾರಣ.

ಹಳೆಯ ಡಿಫೆಂಡರ್ ಈ ಬದಲಾವಣೆಯನ್ನು ಬಹುಕಾಲ ತಡೆದು ನಿಂತಿತ್ತು. ಸೀರೀಸ್ ಗಾಡಿಗಳ ನೇರ ವಾರಸುದಾರನಾದ ಅದರ ಕೊನೆಯ ಗಾಡಿ 2016ರ ಜನವರಿ 29ರಂದು ಸೊಲಿಹಲ್‌ನಿಂದ ಹೊರಬಂತು. ಅಷ್ಟರಲ್ಲಿ ಸೀರೀಸ್ ಮತ್ತು ಡಿಫೆಂಡರ್ ಸೇರಿ 20 ಲಕ್ಷಕ್ಕೂ ಹೆಚ್ಚು ತಯಾರಾಗಿದ್ದವು. 2021ರಲ್ಲಿ ಬ್ರಿಟನ್ ರಾಣಿಯ ಪತಿ ರಾಜಕುಮಾರ ಫಿಲಿಪ್ ಅವರ ಪಾರ್ಥಿವ ಶರೀರವನ್ನು ಒಯ್ದದ್ದು ಅವರದೇ ವಿನ್ಯಾಸದಂತೆ ಮಾರ್ಪಡಿಸಿದ್ದ ಹಳೆಯ ಡಿಫೆಂಡರ್. 2019ರಲ್ಲಿ ಅನಾವರಣಗೊಂಡ ಹೊಸ ಡಿಫೆಂಡರ್ ತಯಾರಾಗುವುದು ಸ್ಲೊವಾಕಿಯಾದ ನಿತ್ರದಲ್ಲಿ. ಅದಕ್ಕೆ ಪ್ರತ್ಯೇಕ ಚಾಸಿಸ್ ಇಲ್ಲ. ಹಳಬರು ಮೂಗು ಮುರಿದರೂ ಕಾಡುದಾರಿಯಲ್ಲಿ ಅದು ಹಳೆಯದಕ್ಕಿಂತ ಸಮರ್ಥ.

ಭಾರತದಲ್ಲಿ ಕಂಪನಿಯ ಪುಣೆಯ ಘಟಕ 2011ರಲ್ಲಿ ಫ್ರೀಲ್ಯಾಂಡರ್ 2 ಮಾದರಿಯ ಜೋಡಣೆಯೊಂದಿಗೆ ಶುರುವಾಯಿತು. 2024ರಲ್ಲಿ ರೇಂಜ್ ರೋವರ್ ಕೂಡ ಅಲ್ಲಿ ತಯಾರಾಗತೊಡಗಿತು. ಅದುವರೆಗೆ ಅದು ಸೊಲಿಹಲ್‌ನಿಂದ ಆಮದಾಗುತ್ತಿತ್ತು. ಆಮದು ಸುಂಕದ ಹೊರೆ ಇಳಿದು ಆರಂಭಿಕ ಬೆಲೆ 2.36 ಕೋಟಿ ರೂಪಾಯಿಗೆ ಬಂತು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಬೆಲೆಯ ಶೇ 18ರಷ್ಟು ಜೀವಿತಾವಧಿ ತೆರಿಗೆ, ಅದರ ಮೇಲೆ ಸೆಸ್. ಅಂದರೆ ಆ ಬೆಲೆಯ ಕಾರಿಗೆ ತೆರಿಗೆಯೇ 42 ಲಕ್ಷ ದಾಟುತ್ತದೆ. ಇದನ್ನು ತಪ್ಪಿಸಲು ಹೊರರಾಜ್ಯಗಳಲ್ಲಿ ನೋಂದಾಯಿಸಿ ಬೆಂಗಳೂರಿನಲ್ಲಿ ಓಡಿಸುವ ದುಬಾರಿ ಕಾರುಗಳನ್ನು ಸಾರಿಗೆ ಇಲಾಖೆ ಮತ್ತೆ ಮತ್ತೆ ಹಿಡಿದಿದೆ.

ಹೊಸದಕ್ಕೆ ವಾರಂಟಿಯ ಆಸರೆಯಿದೆ. ಎಚ್ಚರ ಬೇಕಾದದ್ದು ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ. ಕಾರಿನ ಬೆಲೆ ವರ್ಷಗಳಲ್ಲಿ ಬಹಳ ಇಳಿದಿರುತ್ತದೆ. ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಸರ್ವಿಸ್ ದಾಖಲೆ ಪೂರ್ತಿ ಇದೆಯೇ ಎಂದು ಮೊದಲು ನೋಡಬೇಕು. ಕಾರನ್ನು ಸಮನೆಲದಲ್ಲಿ ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಯಾವುದಾದರೂ ಮೂಲೆ ಕುಸಿದಿದೆಯೇ ಪರೀಕ್ಷಿಸಬೇಕು. ಕುಸಿದಿದ್ದರೆ ಆ ಚಕ್ರದ ಗಾಳಿಚೀಲ ಅಥವಾ ವಾಲ್ವ್ ಸೋರುತ್ತಿದೆ. ಸಸ್ಪೆನ್ಷನ್ನನ್ನು ಎಲ್ಲ ಎತ್ತರಗಳಿಗೂ ಏರಿಸಿ ಇಳಿಸಬೇಕು, ಲೋ ರೇಂಜ್ ಹಾಕಿ ಸ್ವಲ್ಪ ದೂರ ಓಡಿಸಬೇಕು. ಪೇಟೆಯಲ್ಲಷ್ಟೇ ಓಡಿದ ಕಾರುಗಳಲ್ಲಿ ಲೋ ರೇಂಜನ್ನು ವರ್ಷಗಟ್ಟಲೆ ಬಳಸದೆ ಅದರ ಮೋಟಾರ್ ಕಚ್ಚಿಕೊಂಡಿರುವ ಸಂಭವವಿದೆ. ಕೊನೆಗೆ, ಕಂಪನಿಯ ಡಯಾಗ್ನೋಸ್ಟಿಕ್ ಉಪಕರಣ ಇರುವ ಗ್ಯಾರೇಜಿನಲ್ಲಿ ಕಾರಿನ ಎಲ್ಲ ಕಂಪ್ಯೂಟರುಗಳ ದೋಷಸಂಕೇತಗಳನ್ನು ಓದಿಸಿ, ಆ ಪಟ್ಟಿಯನ್ನು ಮುಂದಿಟ್ಟುಕೊಂಡೇ ಬೆಲೆಯ ಮಾತಾಡಬೇಕು.