ಅಂಕವಣೆಯಿಲ್ಲದ ಸವಾರಿ

ಕುದುರೆಯ ಜೀನಿನ ಎರಡು ಪಕ್ಕಗಳಲ್ಲಿಯೂ ತೊಗಲಿನ ಪಟ್ಟಿಗಳಿಂದ ತೂಗುವ ಲೋಹದ ಬಳೆಗಳನ್ನು ತಾವೆಲ್ಲರೂ ನೋಡಿರಬಹುದು. ಬಳಕೆಯ ಮಾತಿನಲ್ಲಿ ಅವು ರಿಕಾಪುಗಳು. ಹಳೆಯ ಕನ್ನಡದಲ್ಲಿ ಅಂಕವಣೆಗಳು. ಸವಾರನಿಗೆ ಕಾಲೂರಲು ಇರುವ ನೆಲವೆಂದರೆ ಅಷ್ಟೆ. ಹೀಗಿರಲು, ಹೊಸದಾಗಿ ಕಲಿಯುವವನಿಂದ ಮೊದಲು ಆ ನೆಲವನ್ನೇ ತೆಗೆದುಬಿಡಬೇಕೆಂದು ಬಲ್ಲವರು ಹೇಳುತ್ತಾರೆ. ಈಜು ಬಾರದವನನ್ನು ಮಡುವಿಗೆ ನೂಕಿದಂತಾಗಲಿಲ್ಲವೆ ಎಂದು ಯಾರಾದರೂ ಕೇಳಿದರೆ ಆಶ್ಚರ್ಯವಿಲ್ಲ. ಆದರೆ ಈ ಕಟ್ಟಳೆಯ ಹಿಂದೆ ವಿಚಾರವುಂಟು.

ಅಂಕವಣೆಯು ಸವಾರಿಯಷ್ಟು ಪ್ರಾಚೀನವಾದುದಲ್ಲ. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಗ್ರೀಕರ ಕ್ಸೆನೊಫನ್ ಎಂಬ ದಂಡನಾಯಕನು ಅಶ್ವಾರೋಹಣವನ್ನು ಕುರಿತು ಒಂದು ಗ್ರಂಥವನ್ನು ರಚಿಸಿದನು. ಅವನ ಕಾಲದಲ್ಲಿ ಗ್ರೀಕರಿಗೆ ಅಂಕವಣೆ ಗೊತ್ತಿರಲಿಲ್ಲ. ಸವಾರನು ಕುರ್ಚಿಯ ಮೇಲೆ ಕುಳಿತವನಂತಿರದೆ, ಕಾಲಗಲಿಸಿ ನೆಟ್ಟಗೆ ನಿಂತವನಂತಿರಬೇಕೆಂಬುದು ಅವನ ಉಪದೇಶದ ಸಾರ. ಕ್ರಿಸ್ತಶಕದ ಆರಂಭದ ಹೊತ್ತಿಗೆ ಭಾರತದಲ್ಲಿ ಹೆಬ್ಬೆರಳನ್ನು ಮಾತ್ರ ಸಿಕ್ಕಿಸುವ ಕುಣಿಕೆ ಬಳಕೆಯಲ್ಲಿತ್ತು. ಪಾದಗಳೆರಡಕ್ಕೂ ಆಧಾರವಾಗುವ ಜೋಡಿ ಅಂಕವಣೆಗಳು ಚೀನದೇಶದ 4 ಮತ್ತು 5ನೆಯ ಶತಮಾನಗಳ ಗೋರಿಗಳಲ್ಲಿ ಕಾಣಬರುತ್ತವೆ. ಅದಕ್ಕೆ ಮುಂಚೆಯೂ ಜನರು ಸವಾರಿ ಮಾಡಿದ್ದರು, ಯುದ್ಧವನ್ನೂ ಮಾಡಿದ್ದರು. ಆದುದರಿಂದ ಅಂಕವಣೆಯು ಸವಾರಿಗೆ ಸಹಾಯವೇ ಹೊರತು ಸವಾರಿಯ ಬುನಾದಿಯಲ್ಲ.

ಬುನಾದಿ ಯಾವುದು? ಆಸನ. ಕುದುರೆ ಮೆಲ್ಲನೆ ನಡೆಯುವಾಗ ಇದರ ಬೆಲೆ ತಿಳಿಯುವುದಿಲ್ಲ. ಟ್ರಾಟ್ ಎನ್ನುವ ಕುಲುಕೋಟದಲ್ಲಿ ತಿಳಿಯುತ್ತದೆ. ಈ ಓಟದಲ್ಲಿ ಬಲ ಮುಂಗಾಲಿನೊಡನೆ ಎಡ ಹಿಂಗಾಲೂ, ಎಡ ಮುಂಗಾಲಿನೊಡನೆ ಬಲ ಹಿಂಗಾಲೂ ಒಟ್ಟಿಗೆ ನೆಲ ಮುಟ್ಟುತ್ತವೆ. ಹೆಜ್ಜೆಹೆಜ್ಜೆಗೂ ಸವಾರನು ಮೇಲಕ್ಕೆ ಎಸೆಯಲ್ಪಡುತ್ತಾನೆ. ಅನುಭವವಿಲ್ಲದವನು ಆಗ ಅಂಕವಣೆಯನ್ನು ಬಲವಾಗಿ ತುಳಿದು ಮೈಯನ್ನು ಬಿಗಿಯುತ್ತಾನೆ. ತುಳಿದಷ್ಟೂ ಮೈ ಜೀನಿನಿಂದ ಮೇಲೇಳುತ್ತದೆ, ತೂಕ ತಪ್ಪುತ್ತದೆ. ತಪ್ಪಿದೊಡನೆ ಕೈ ಲಗಾಮಿಗೆ ಜೋತುಬೀಳುತ್ತದೆ.

ಕೇಡು ಇರುವುದು ಇಲ್ಲಿ. ಲಗಾಮಿನ ಇನ್ನೊಂದು ತುದಿಯಲ್ಲಿರುವುದು ಕುದುರೆಯ ಬಾಯಿ. ಮುಂಹಲ್ಲುಗಳಿಗೂ ದವಡೆಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಎಡೆಯೊಂದುಂಟು. ಕಡಿವಾಣದ ಕಬ್ಬಿಣವು ಅಲ್ಲಿಯ ನಾಲಗೆ ಮತ್ತು ವಸಡುಗಳ ಮೇಲೆ ಒರಗಿರುತ್ತದೆ. ಸವಾರನು ತನ್ನ ತೂಕವನ್ನುಳಿಸಿಕೊಳ್ಳಲು ಜಗ್ಗಿದ್ದನ್ನು ಆ ಮೂಕಪ್ರಾಣಿಯು ನೋವಾಗಿ ಅನುಭವಿಸುತ್ತದೆ. ನೊಂದ ಕುದುರೆ ತಲೆಯೊದರುತ್ತದೆ, ಇಲ್ಲವೆ ಬೆದರಿ ಓಡುತ್ತದೆ; ಓಡಿದರೆ ಸವಾರನು ಇನ್ನಷ್ಟು ಜಗ್ಗುತ್ತಾನೆ. ಕುದುರೆಯನ್ನು ತುಂಟನೆಂದು ದೂರುವವರು ಅದರ ಮೇಲೆ ಕುಳಿತವನ ಕೈಯನ್ನು ಒಮ್ಮೆ ನೋಡುವುದು ಒಳ್ಳೆಯದು.

ಈ ತತ್ತ್ವವನ್ನು ಕಟ್ಟುನಿಟ್ಟಾಗಿ ನಡೆಸಿಕೊಂಡು ಬಂದಿರುವ ಸಂಸ್ಥೆಯೊಂದು ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿದೆ. ಅದರ ಹೆಸರು ಸ್ಪ್ಯಾನಿಷ್ ರೈಡಿಂಗ್ ಸ್ಕೂಲ್. ಮೊದಲ ಕುದುರೆಗಳ ಮೂಲ ಸ್ಪೇನ್ ದೇಶವಾದುದರಿಂದ ಆ ಹೆಸರು ಬಂದಿತು. 1572ರಷ್ಟು ಹಿಂದಿನಿಂದ ಅದರ ಉಲ್ಲೇಖ ದೊರೆಯುತ್ತದೆ. ಅದರ ಭವ್ಯವಾದ ಸವಾರಿಯ ಮಂದಿರವು 1735ರಲ್ಲಿ ಪೂರ್ಣವಾಯಿತು. ಬಹುಕಾಲ ಗಂಡಸರಿಗೆ ಮೀಸಲಾಗಿದ್ದ ಈ ಶಾಲೆಗೆ 2008ರಲ್ಲಿ ಹೆಣ್ಣುಮಕ್ಕಳೂ ಶಿಷ್ಯರಾಗಿ ಸೇರಿದರು. ಅಲ್ಲಿ ಹೊಸ ಶಿಷ್ಯನು ಪಳಗಿದ ಲಿಪಿಜಾನರ್ ಕುದುರೆಯ ಮೇಲೆ ತಿಂಗಳುಗಟ್ಟಲೆ ಅಂಕವಣೆಯಿಲ್ಲದೆ ಕುಳಿತು ಅಭ್ಯಾಸ ಮಾಡುತ್ತಾನೆ. ಲಗಾಮು ಕೂಡ ಅವನ ಕೈಗೆ ಬರುವುದು ಆಮೇಲೆ. ಕುದುರೆಯನ್ನು ಉದ್ದವಾದ ಹಗ್ಗದಿಂದ ಹಿಡಿದು ಸುತ್ತಲೂ ನಡೆಸುವವನು ಗುರು. ಕುಳಿತುಕೊಳ್ಳುವುದನ್ನು ಕಲಿಸುವ ಗುರುವು ಕುದುರೆಯೇ.

ನಮ್ಮಲ್ಲಿ ಕಲಿಯಬಯಸುವವರೂ ಈ ಕ್ರಮವನ್ನೇ ಅನುಸರಿಸಬಹುದು. ಸಾಧುವಾದ ಕುದುರೆ, ಹಗ್ಗ ಹಿಡಿಯುವ ಅನುಭವಸ್ಥ ಗುರು, ಬೇಲಿಯಿರುವ ಮೆತ್ತನೆಯ ನೆಲ, ತಲೆಗೆ ಗಟ್ಟಿಯಾದ ಶಿರಸ್ತ್ರಾಣ—ಇವು ನಾಲ್ಕೂ ಇಲ್ಲದೆ ತೊಡಗಬಾರದು. ಮೊದಲು ನಡಿಗೆ ಮಾತ್ರ. ಕೂರುವ ಎಲುಬುಗಳೆರಡರ ಮೇಲೂ ಭಾರವು ಸಮವಾಗಿ ಬಿದ್ದಿರಲಿ, ತೊಡೆಗಳು ಸಡಿಲವಾಗಿ ಇಳಿದಿರಲಿ, ದೃಷ್ಟಿಯು ಮುಂದಿರಲಿ. ಭಯವಾದಾಗ ಜೀನಿನ ಮುಂಭಾಗವನ್ನು ಹಿಡಿಯಬಹುದು, ಲಗಾಮನ್ನಲ್ಲ. ತರುವಾಯ ಕೈಗಳನ್ನು ಚಾಚುವುದು, ಸೊಂಟದಿಂದ ಮೇಲಿನ ಭಾಗವನ್ನು ಎಡಬಲಗಳಿಗೆ ತಿರುಗಿಸುವುದು. ಆಮೇಲೆ ಹತ್ತಾರು ಹೆಜ್ಜೆಗಳ ಕುಲುಕೋಟ, ಮತ್ತೆ ನಡಿಗೆ. ಮಂಡಿಗಳಿಂದ ಅವುಚಿ ಹಿಡಿಯಬೇಕೆಂಬ ಆಸೆಯನ್ನು ಅಡಗಿಸಬೇಕು. ಅವುಚಿದರೆ ಮೈ ಮೇಲಕ್ಕೆ ಜಾರುತ್ತದೆ. ಉಸಿರು ಬಿಟ್ಟು ನಡುವನ್ನು ಸಡಿಲಿಸಿದರೆ ಸೊಂಟವು ಕುದುರೆಯ ಬೆನ್ನಿನೊಡನೆ ತಾನಾಗಿ ಆಡುತ್ತದೆ.

ಇದರಲ್ಲಿಯೂ ಮಿತಿ ಬೇಕು. ದಣಿದ ಸವಾರನು ಮೂಟೆಯಂತೆ ಧೊಪ್ಪಧೊಪ್ಪನೆ ಬೀಳುತ್ತಾನೆ. ಆಗ ನೋಯುವುದು ಕುದುರೆಯ ಬೆನ್ನು. ಬಾಯಿಯನ್ನು ಉಳಿಸಲು ಹೋಗಿ ಬೆನ್ನನ್ನು ಕೆಡಿಸಿದರೆ ಲಾಭವೇನು? ಆದಕಾರಣ ಕೆಲವು ನಿಮಿಷಗಳ ಅಭ್ಯಾಸ, ನಡುವೆ ವಿಶ್ರಾಂತಿ, ದಿಕ್ಕನ್ನು ಬದಲಾಯಿಸಿ ಮತ್ತೆ ಕೆಲವು ನಿಮಿಷಗಳು—ಇಷ್ಟೇ ಸಾಕು.

ಅಂಕವಣೆಗಳು ಮರಳಿ ದೊರೆತಾಗ ಶಿಷ್ಯನ ಪಾದವು ಅವುಗಳ ಮೇಲೆ ಹಗುರಾಗಿ ಒರಗುತ್ತದೆ. ಒಂದು ವೇಳೆ ಪಾದವು ಜಾರಿದರೂ ಅವನು ಗಾಬರಿಗೊಳ್ಳುವುದಿಲ್ಲ. ಲಗಾಮು ಕೈಗೆ ಬಂದಾಗ ಅದು ಅವನಿಗೆ ಜೋತುಬೀಳುವ ಹಗ್ಗವಾಗದೆ ಮಾತನಾಡುವ ಸಾಧನವಾಗುತ್ತದೆ. ತನ್ನ ಭಾರವನ್ನು ತಾನು ಹೊರಲು ಕಲಿತವನಿಗೆ ಮಾತ್ರ ಇನ್ನೊಂದು ಜೀವವನ್ನು ನಡೆಸುವ ಅಧಿಕಾರವುಂಟು. ವಿಯೆನ್ನಾದ ಗುರುಗಳು ಲಗಾಮನ್ನು ತಡವಾಗಿ ಕೊಡುವುದರ ಅರ್ಥ ಇದೇ.